ಬಾಲ್ಕನಿಯ ಗೂಡನ್ನು ಗಮನಿಸುವುದು ಹೇಗೆ?

ಮುಂಬಯಿ ಕಡೆಯ ಮುಲುಂಡ್, ಡೊಂಬಿವಲಿಯ ಫ್ಲಾಟುಗಳ ಪುಟ್ಟ ಬಾಲ್ಕನಿಗಳಲ್ಲಿಯೂ, ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ ಗೂಡು ಕಟ್ಟುವುದುಂಟು. ಆ ಗೂಡನ್ನು ಗುರುತಿಸಲು ಕಲಿಯುವುದೇ ಮೊದಲ ಕೆಲಸ. ಬಟ್ಟೆ ಒಣಗಿಸುವ ಹಗ್ಗಕ್ಕೋ ಬಲ್ಬಿನ ವಯರಿಗೋ ಜೋತುಬಿದ್ದ, ಒಣ ಹುಲ್ಲು, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆಗಳನ್ನು ಜೇಡರ ಬಲೆಯಿಂದ ಬಿಗಿದ ಗೇಣುದ್ದದ ಆ ಚೀಲ ನೋಡುವವರಿಗೆ ಕಸದ ಮುದ್ದೆಯಂತೆಯೇ ಕಾಣುತ್ತದೆ. ಚೌತಿಗೆ ಮುಂಚೆ ಮನೆ ಗುಡಿಸುವಾಗ ಅಂಥದೊಂದನ್ನು ನಾನೇ ಪೊರಕೆಯಿಂದ ಎಳೆದು ಹಾಕಿದ್ದೆ. ಕೈಗೆತ್ತಿಕೊಂಡಾಗ ಒಳಗೆ ಹತ್ತಿಯಂಥ ಮೆತ್ತನೆಯ ಹಾಸು ಕಂಡಿತು. ಆ ನೋವು ಇಂದಿಗೂ ಇದೆ. ಬೇರೆ ಹಕ್ಕಿಗಳ ಗೂಡು ಹೀಗಿರುವುದಿಲ್ಲ: ಪಿಕಳಾರದ (ಬುಲ್‌ಬುಲ್) ಗೂಡು ದಟ್ಟ ಗಿಡದ ನಡುವೆ ಬಟ್ಟಲಿನಂತೆ ಇರುತ್ತದೆ. ಮರಾಠಿಯವರು ಶಿಂಪಿ ಎನ್ನುವ ದರ್ಜಿ ಹಕ್ಕಿ ಎಲೆಗಳನ್ನೇ ಹೊಲಿದು ಕಟ್ಟುತ್ತದೆ.

ಗೂಡು ಕಂಡ ಮೇಲೆ ಬಾಲ್ಕನಿಯಿಂದ ಒಳಗೆ ಬಂದು, ಕೋಣೆಯ ದೀಪ ಆರಿಸಿ, ಪರದೆಯ ಮರೆಯಲ್ಲಿ ಕುಳಿತು ನೋಡಬೇಕು. ಹಕ್ಕಿ ನೇರವಾಗಿ ಗೂಡಿಗೆ ಹೋಗದೆ, ಬಾಯಲ್ಲಿ ಹುಳು ಹಿಡಿದುಕೊಂಡೇ ಗ್ರಿಲ್ಲಿನ ಮೇಲೆ ಚಡಪಡಿಸುತ್ತಿದ್ದರೆ ನಾವು ತೀರಾ ಹತ್ತಿರವಿದ್ದೇವೆಂದು ತಿಳಿದು ಹಿಂದೆ ಸರಿಯಬೇಕು. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8×42 ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ದಿನವೂ ಒಂದೇ ಹೊತ್ತಿಗೆ ಕಾಲು ಗಂಟೆ ನೋಡಿ, ತಾರೀಖಿನೊಂದಿಗೆ ಬರೆದಿಡಿ. ಸೂರಕ್ಕಿಯಲ್ಲಿ ಗೂಡು ಕಟ್ಟುವುದು ಹೆಣ್ಣು. ಮರಿಗಳಿಗೆ ಉಣಿಸುವಾಗ ಗಂಡೂ ಜೊತೆಯಾಗುತ್ತದೆ. ಸಾಮಾನ್ಯವಾಗಿ 2 ಮೊಟ್ಟೆ, ಸುಮಾರು 15 ದಿನ ಕಾವು, ಮರಿ ಹಾರಲು ಮತ್ತೆ ಎರಡು ವಾರ. ಕಾವಿಗೆ ಕುಳಿತ ಹೆಣ್ಣಿನ ಬಾಗಿದ ಕೊಕ್ಕು ಗೂಡಿನ ಬಾಯಿಂದ ಹೊರಗೆ ಇಣುಕುತ್ತಿರುವುದನ್ನು ಒಮ್ಮೆ ನೋಡಿದವರು ಆ ತಿಂಗಳಿಡೀ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದಿಲ್ಲ. ಫೋಟೋಕ್ಕಾಗಿ ಎಲೆ ಸರಿಸುವುದು, ಫ್ಲ್ಯಾಶ್ ಹಾಕುವುದು ಸಲ್ಲದು; ಎಲೆಯ ಮರೆ ತಪ್ಪಿದ ಗೂಡು ಮುಂಬಯಿಯ ಕಾಗೆಯ ಕಣ್ಣಿಗೆ ಬೀಳದೆ ಇರದು. ಮನೆಗೆಲಸದಾಕೆಗೂ ಗೂಡನ್ನು ತೋರಿಸಿ ಹೇಳಿಡಬೇಕು.

ನಿಜವಾದ ಅಪಾಯ ಬರುವುದು ಹೌಸಿಂಗ್ ಸೊಸೈಟಿಯವರು ಕಟ್ಟಡಕ್ಕೆ ಮಾಡಿಸುವ ಬಣ್ಣದ ಕೆಲಸದಿಂದ, ಪಾರಿವಾಳ ತಡೆಯಲು ಕಟ್ಟುವ ಬಲೆಯಿಂದ. ಬರೆದಿಟ್ಟ ತಾರೀಖು ಆಗ ಉಪಯೋಗಕ್ಕೆ ಬರುತ್ತದೆ: "ಇಂಥ ದಿನಕ್ಕೆ ಮರಿ ಹಾರಬಹುದು, ಅಲ್ಲಿಯವರೆಗೆ ಈ ಒಂದು ಬಾಲ್ಕನಿ ಬಿಡಿ" ಎಂದರೆ ಸೆಕ್ರೆಟರಿ ಒಪ್ಪುವ ಸಂಭವ ಹೆಚ್ಚು. ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ಹಾನಿ ಮಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯೆಂದೇ ಪರಿಗಣಿಸುತ್ತದೆ ಎಂಬುದನ್ನೂ ತಿಳಿಸಿ.

ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲನೆ ಎತ್ತಿ ಗೂಡಿನಲ್ಲಿಡಬಹುದು; ಮನುಷ್ಯನ ಕೈ ತಗುಲಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ತಪ್ಪು ನಂಬಿಕೆ. ಪುಕ್ಕ ಬಂದ ಮರಿಯಾದರೆ ಹತ್ತಿರದ ಕುಂಡದ ಮೇಲೆ ಕೂರಿಸಿ ದೂರ ನಿಲ್ಲಿ. ಬಾಯಿಗೆ ನೀರು ಹನಿಸಬೇಡಿ.

ಮರಿಗಳು ಹಾರಿಹೋದ ಮೇಲೆ ಬಾಲ್ಕನಿ ತೊಳೆಯಬಹುದು, ಆದರೆ ಮೂಲೆಯ ಜೇಡರ ಬಲೆ ಹಾಗೇ ಇರಲಿ. ಮುಂದಿನ ಗೂಡಿಗೆ ದಾರ ಹುಡುಕುತ್ತಾ ಹೆಣ್ಣು ಸೂರಕ್ಕಿ ಅಲ್ಲಿಗೇ ಬರಬಹುದು.