ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ

‘ಇವನ ತಲೆಗೆ ಏನೂ ಹತ್ತುವುದಿಲ್ಲ ಮೇಡಂ’ ಎಂದು ತಾಯಂದಿರು ಬಂದರೆ ನಾನು ಅಂಕಪಟ್ಟಿ ಕೇಳುವುದಿಲ್ಲ, ನೋಟ್ ಪುಸ್ತಕ ಕೇಳುತ್ತೇನೆ. 22 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳ ಚಾಳಿ ಇದು.

ಕರಿಹಲಗೆ ನೋಡಿ ಬರೆದದ್ದು ತಪ್ಪಾಗಿ, ಉಕ್ತಲೇಖನ ಸರಿಯಿದ್ದರೆ ಮೊದಲು ಕಣ್ಣು ತೋರಿಸಿ. ಉಕ್ತಲೇಖನವೇ ತಪ್ಪಿದ್ದರೆ ಕಿವಿ; ಕಿವಿ ಸೋರುವ ಮಗುವಿಗೆ ನಮ್ಮ ಅರ್ಧ ಮಾತು ಕೇಳಿಸಿರುವುದೇ ಇಲ್ಲ.

ಎರಡೂ ಸರಿಯಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಸಾಲು ಓದಿಸಿ. ಹಳೆಯ ಪಾಠ ಬೇಡ, ಮಗು ಎಂದೂ ಕಾಣದ ಪುಟವೇ ಆಗಬೇಕು. ನಾಲ್ಕನೇ ತರಗತಿಯ ಹುಡುಗನೊಬ್ಬ ಪಾಠವನ್ನು ಗಿಳಿಯಂತೆ ಒಪ್ಪಿಸುತ್ತಿದ್ದ, ಬೆರಳು ಮಾತ್ರ ಎರಡು ಸಾಲು ಹಿಂದಿತ್ತು. ನಾನು ಮೆಲ್ಲಗೆ ಪುಟ ಮಗುಚಿದೆ. ಅವನು ‘ಓದುತ್ತಲೇ’ ಇದ್ದ! ಮೂರು ವರ್ಷ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಲು ಅವನು ಪಟ್ಟ ಶ್ರಮ ನೆನೆದರೆ ದಡ್ಡ ಎನ್ನಲು ಬಾಯಿ ಬರುವುದಿಲ್ಲ.

ಹೊಸ ಪುಟದಲ್ಲಿ ‘ಸೂರ್ಯ’ ಎಂಬುದನ್ನು ‘ಸೂಯ್ರ’ ಎಂದ. ನಗಬೇಡಿ. ಅರ್ಕಾವೊತ್ತನ್ನು ಬರೆಯುವುದು ‘ಯ’ ಆದ ಮೇಲೆ, ಉಚ್ಚರಿಸುವುದು ಅದಕ್ಕಿಂತ ಮೊದಲು. ಅವನು ಕಣ್ಣಿಗೆ ಕಂಡ ಸರದಿಯಲ್ಲೇ ಓದಿದ್ದ. ಇಂಥ ತಪ್ಪು ಒಂದೆರಡು ತರಗತಿಯವರೆಗೆ ಸಹಜ. ಮಾತಿನಲ್ಲಿ ಚುರುಕಾದ ಮಗು ತಾಳ್ಮೆಯಿಂದ ಕಲಿಸಿದರೂ ಎಂಟು ಒಂಬತ್ತರ ವಯಸ್ಸಿನಲ್ಲಿ ಅಕ್ಷರ ಕೂಡಿಸಲು ಒದ್ದಾಡುತ್ತಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಇದೆಯೇ ಎಂದು ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ತಪಾಸಣೆ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ‘ಜನ ಏನೆನ್ನುತ್ತಾರೋ’ ಎಂದು ಅಡಗಿಸಿಡುವ ಅಪ್ಪಂದಿರ ಮೇಲೆ ನನಗೆ ಸಿಟ್ಟಿದೆ.

ಎಲ್ಲದಕ್ಕೂ ಆಸ್ಪತ್ರೆ ಬೇಕಿಲ್ಲ. ಮನೆಯಲ್ಲಿ ಲಂಬಾಣಿ ಆಡುವ ಮಗು ಕನ್ನಡ ತರಗತಿಯಲ್ಲಿ ಮೌನವಾಗಿದ್ದರೆ ಅದು ಭಾಷೆಯ ಸಮಸ್ಯೆ. ಎರಡನೇ ಪಿರಿಯಡ್‌ಗೇ ತೂಕಡಿಸುತ್ತಿದ್ದ ಹುಡುಗಿಯನ್ನು ಕೇಳಿದಾಗ ತಿಳಿಯಿತು, ನಸುಕಿನ ನಾಲ್ಕಕ್ಕೆ ಬೀದಿ ನಲ್ಲಿಯಲ್ಲಿ ನೀರು ಹಿಡಿಯುವುದು ಅವಳ ಪಾಲಿನ ಕೆಲಸ.

ನನ್ನ ಹುಡುಗನಿಗೆ ಮಾಡಿದ್ದು ಇಷ್ಟೇ: ಹಳೆಯ ಲಗ್ನಪತ್ರಿಕೆ ಕತ್ತರಿಸಿ ‘ಸೂ’, ‘ರ್’, ‘ಯ’ ಎಂದು ಮೂರು ಚೀಟಿ. ಕೇಳಿಸಿದ ಸರದಿಯಲ್ಲಿ ಜೋಡಿಸಿ, ಬಾಯಿಬಿಟ್ಟು ಹೇಳಿ, ಆಮೇಲೆ ಸೇರಿಸಿ ಬರೆಯಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಹನ್ನೊಂದನೆಯ ನಿಮಿಷಕ್ಕೆ ಅಮ್ಮಂದಿರ ದನಿ ಏರುತ್ತದೆ.