ಇಂಗ್ಲೆಂಡಿನ ರಗ್ಬಿ ಕ್ಲಬ್ಬೊಂದರ ಚರಿತ್ರೆಯನ್ನು ಬರೆಯುವ ಬಗೆ

ಇಂಗ್ಲೆಂಡಿನ ರಗ್ಬಿ ಯೂನಿಯನ್ ಕ್ಲಬ್ಬೊಂದರ ಚರಿತ್ರೆಯನ್ನು ಬರೆಯಲು ಹೊರಟವರು ಮೊದಲು ಪ್ರಶಸ್ತಿಗಳ ಪಟ್ಟಿಯನ್ನು ಬದಿಗಿಡಬೇಕು. ಕ್ಲಬ್ಬುಗಳ ರಾಷ್ಟ್ರೀಯ ನಾಕೌಟ್ ಕಪ್ ಆರಂಭವಾದದ್ದು 1971–72ರಲ್ಲಿ, ರಾಷ್ಟ್ರಮಟ್ಟದ ಲೀಗ್ ಬಂದದ್ದು 1987ರಲ್ಲಿ. ಅದಕ್ಕೂ ಹಿಂದಿನ ನೂರು ವರ್ಷ, ಕೌಂಟಿ ಮಟ್ಟದ ಕಪ್ಪುಗಳನ್ನು ಬಿಟ್ಟರೆ, ಕ್ಲಬ್ಬುಗಳು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡ ಪಂದ್ಯಗಳನ್ನು ಆಡುತ್ತಿದ್ದವು. ಆದ್ದರಿಂದ ಕ್ಲಬ್ಬಿನ ಅಂದಿನ ಸ್ಥಾನಮಾನವು, ಅದು ಯಾರೊಡನೆ ವರ್ಷವರ್ಷವೂ ಆಡಿತು, ಯಾರೊಡನೆ ಆಡುವುದು ನಿಂತುಹೋಯಿತು ಎಂಬುದರಲ್ಲಿ ಅಡಗಿರುತ್ತದೆ. ಹಳೆಯ ಪಂದ್ಯಪಟ್ಟಿಗಳನ್ನು ಹುಡುಕುವುದೇ ಮೊದಲ ಕೆಲಸ.

ಸ್ಥಾಪನೆಯ ವರ್ಷವನ್ನು ಒಂದೇ ಮೂಲದಿಂದ ಎತ್ತಿಕೊಳ್ಳಬಾರದು. ಹಾರ್ಲೆಕ್ವಿನ್ಸ್ 1866ರಲ್ಲಿ ಹುಟ್ಟಿದಾಗ ಅದರ ಹೆಸರು ಹ್ಯಾಂಪ್‌ಸ್ಟೆಡ್ ಫುಟ್‌ಬಾಲ್ ಕ್ಲಬ್ ಎಂದಿತ್ತು. ಮರುವರ್ಷವೇ ಅದು ಒಡೆದು, ಹೊರಬಂದವರು ವಾಸ್ಪ್ಸ್ ಎನಿಸಿಕೊಂಡರು. ಉಳಿದವರು 1870ರಲ್ಲಿ ಹೆಸರಿನ ಮೊದಲಕ್ಷರ ಕೆಡದಂತೆ ಹಾರ್ಲೆಕ್ವಿನ್ ಎಂಬ ಪದವನ್ನು ಆರಿಸಿಕೊಂಡರೆಂದು ಹೇಳಿಕೆಯಿದೆ. ಲಂಡನ್ನಿನಲ್ಲಿ 1871ರ ಜನವರಿ 26ರಂದು 21 ಕ್ಲಬ್ಬುಗಳು ಸೇರಿ ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ನನ್ನು ಸ್ಥಾಪಿಸಿದ ಸಭೆಗೆ ವಾಸ್ಪ್ಸ್ ಪ್ರತಿನಿಧಿ ತಪ್ಪು ಜಾಗಕ್ಕೆ ಹೋಗಿ ತಲುಪಲಾರದೆ ಉಳಿದನೆಂಬ ಕಥೆಗೂ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಇಂಥವನ್ನು ಕೈಬಿಡಬೇಕಾಗಿಲ್ಲ, ಕ್ಲಬ್ಬು ತನ್ನನ್ನು ಹೇಗೆ ನೆನೆಯುತ್ತದೆಂಬುದಕ್ಕೆ ಅವೇ ಸಾಕ್ಷಿ. ಆದರೆ ಹೇಳಿಕೆಯನ್ನು ಹೇಳಿಕೆಯೆಂದೇ ಬರೆಯಬೇಕು. ‘ಫುಟ್‌ಬಾಲ್ ಕ್ಲಬ್’ ಎಂಬ ಹೆಸರು ಕಂಡೊಡನೆ ಬೇರೆ ಆಟವೆಂದು ದಾಖಲೆಯನ್ನು ಪಕ್ಕಕ್ಕಿಡುವುದೂ ತಪ್ಪು, ಏಕೆಂದರೆ 1858ರ ಬ್ಲ್ಯಾಕ್‌ಹೀತ್ ಮೊದಲಾಗಿ ಅನೇಕ ಹಳೆಯ ಕ್ಲಬ್ಬುಗಳು ಆ ಹೆಸರನ್ನೇ ಇಟ್ಟುಕೊಂಡಿದ್ದವು.

ಹಳೆಯ ಫಲಿತಾಂಶಗಳನ್ನು ಇಂದಿನ ಅಂಕಗಳಿಗೆ ಪರಿವರ್ತಿಸಬೇಡಿ. ಮೊದಲ ದಿನಗಳಲ್ಲಿ ಟ್ರೈ (ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಎಂದರೆ ಗೋಲಿಗೆ ಒದೆಯಲು ಸಿಗುತ್ತಿದ್ದ ಅವಕಾಶ ಮಾತ್ರ. ಬಹುಕಾಲ ಮೂರು ಅಂಕವಿದ್ದ ಅದಕ್ಕೆ 1971ರಲ್ಲಿ ನಾಲ್ಕು, 1992ರಲ್ಲಿ ಐದು ಅಂಕಗಳು ಬಂದವು. ‘ಒಂದು ಗೋಲು, ಎರಡು ಟ್ರೈ’ ಎಂದು ಪತ್ರಿಕೆ ಬರೆದಿದ್ದರೆ ಹಾಗೆಯೇ ಉಳಿಸಿಕೊಳ್ಳುವುದು ಪ್ರಾಮಾಣಿಕತೆ.

ಹೆಚ್ಚು ಪುಟಗಳನ್ನು 1895ಕ್ಕೆ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿಗಳ ಕಾರ್ಮಿಕರು ಶನಿವಾರ ಆಡಲು ಕೂಲಿ ಕಳೆದುಕೊಳ್ಳುತ್ತಿದ್ದರು. ಆ ನಷ್ಟವನ್ನು ತುಂಬಿಕೊಡಬೇಕೆಂಬ ಸೂಚನೆಯನ್ನು ಯೂನಿಯನ್ 1893ರಲ್ಲಿ ತಳ್ಳಿಹಾಕಿತು. ಎರಡು ವರ್ಷಗಳ ನಂತರ, ಆಗಸ್ಟ್ 29ರಂದು, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಬೇರೆಯಾಗಿ, ಮುಂದೆ ರಗ್ಬಿಯ ಇನ್ನೊಂದು ಪ್ರಕಾರವಾದ ರಗ್ಬಿ ಲೀಗ್ ಆದ ನಾರ್ದರ್ನ್ ಯೂನಿಯನ್ನನ್ನು ಕಟ್ಟಿದವು. ನೀವು ಆರಿಸಿದ ಕ್ಲಬ್ಬು ಯೂನಿಯನ್ನಿನಲ್ಲೇ ಉಳಿದಿದ್ದರೂ ಅದರ ಎದುರಾಳಿಗಳ ಪಟ್ಟಿ ಆ ಹೊತ್ತಿನಲ್ಲಿ ಬದಲಾಯಿತೇ, ಅದರ ಆಟಗಾರರು ಯಾರಾದರೂ ಆ ಕಡೆಗೆ ಹೋಗಿ ಯೂನಿಯನ್ ಆಟದಿಂದ ಬಹಿಷ್ಕೃತರಾದರೇ ಎಂದು ಕೇಳಲೇಬೇಕು. ಹಾಗೆ ಹೋದವರ ಹೆಸರು ಕ್ಲಬ್ಬಿನ ನೆನಪಿನಿಂದ ಸುಲಭವಾಗಿ ಜಾರಿಹೋಗುತ್ತದೆ. ಅವರನ್ನು ಮರಳಿ ಬರೆಯುವುದು ಚರಿತ್ರಕಾರನ ಕರ್ತವ್ಯ.

ಮೈದಾನವನ್ನು ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಗಳಲ್ಲಿ ಗುರುತಿಸಿ. ಲೆಸ್ಟರ್ ಟೈಗರ್ಸ್ 1892ರಿಂದ ವೆಲ್‌ಫರ್ಡ್ ರೋಡಿನಲ್ಲಿ ನೆಲೆನಿಂತಿದೆ; ವಾಸ್ಪ್ಸ್ ಲಂಡನ್ನಿನ ಸಡ್‌ಬರಿಯನ್ನು ಬಿಟ್ಟ ಮೇಲೆ ಹೈ ವಿಕಂಬಿಗೂ, 2014ರಲ್ಲಿ ಕವೆಂಟ್ರಿಗೂ ಅಲೆದು, 2022ರ ಅಕ್ಟೋಬರಿನಲ್ಲಿ ಸಾಲದ ಹೊರೆಯಿಂದ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು.

ಆಟವು 1995ರ ಆಗಸ್ಟಿನಲ್ಲಿ ವೃತ್ತಿಪರವಾದ ಮೇಲೆ ಪಂದ್ಯಗಳ ವರದಿಯಷ್ಟನ್ನೇ ನೆಚ್ಚಿಕೊಳ್ಳಲಾಗದು. ಅಲ್ಲಿಂದ ಮುಂದಿನ ಅಧ್ಯಾಯಕ್ಕೆ ಕ್ಲಬ್ಬನ್ನು ನಡೆಸುವ ಕಂಪನಿಯು ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸಿಗೆ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರಗಳು ಸಾರ್ವಜನಿಕವಾಗಿ ಸಿಗುತ್ತವೆ. ಸಾಲ ಯಾರಿಂದ ಬಂತು, ಮೈದಾನದ ಒಡೆತನ ಯಾರ ಕೈಯಲ್ಲಿದೆ ಎಂಬುದನ್ನು ವರ್ಷದಿಂದ ವರ್ಷಕ್ಕೆ ಅವುಗಳಲ್ಲಿ ಓದಿಕೊಳ್ಳಿ.