'ಅನುಕೂಲ ನೋಡಿಕೊಂಡು' ಎಂಬ ಎರಡು ಪದ

ನಮ್ಮ ವಿಚ್ಛೇದನದ ಅರ್ಜಿಯ ಕರಡಿನಲ್ಲಿ ಮಗುವಿನ ಬಗ್ಗೆ ಇದ್ದದ್ದು ಒಂದೇ ಸಾಲು: 'ಸದರಿ ಗಂಡು ಮಗುವು ತಾಯಿಯ ಸುಪರ್ದಿಯಲ್ಲಿ ಇರತಕ್ಕದ್ದು, ತಂದೆಯು ಅನುಕೂಲ ನೋಡಿಕೊಂಡು ಭೇಟಿ ಮಾಡತಕ್ಕದ್ದು.' ನಮಗಿರುವುದು ಮಗಳು. ವಕೀಲರ ಕಚೇರಿಯಲ್ಲಿ ಯಾರದೋ ಹಳೇ ಫೈಲಿನಿಂದ ಇಳಿಸಿಕೊಂಡಿದ್ದರು. 'ಗಂಡು' ಹೋಗಿ 'ಹೆಣ್ಣು' ಬಂತು, ಉಳಿದದ್ದು ಹಾಗೇ ಉಳಿಯಿತು. ನಾನೂ ಸುಮ್ಮನಿದ್ದೆ. ಯಾಕೆಂದು ಈಗ ಒಪ್ಪಿಕೊಳ್ಳುತ್ತೇನೆ: ಮಗು ನನ್ನ ಹತ್ತಿರ ಇದ್ದ ಮೇಲೆ ಅನುಕೂಲ ಅಂದರೆ ನನ್ನ ಅನುಕೂಲವೇ.

ನಾವು ಹಾಕಿದ್ದು ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ, ಇಬ್ಬರೂ ಒಪ್ಪಿ. ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ನಮಗೆ 13 ತಿಂಗಳಾಗಿತ್ತು. ಅರ್ಜಿ ಹಾಕಿ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ದಾಟುವುದರೊಳಗೆ, ಇಬ್ಬರೂ ಮತ್ತೆ ಕೋರ್ಟಿಗೆ ಹೋಗಿ ಮನಸ್ಸು ಬದಲಾಗಿಲ್ಲ ಎನ್ನಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಎಂದು ಕೇಳಿದೆ. ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಜೀವನಾಂಶ, ಮಗುವಿನ ಸುಪರ್ದಿ ಎಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು ಎಂದರು ವಕೀಲರು. ನಮಗೆ ಅದಕ್ಕೆ ಐದು ತಿಂಗಳು ಕಮ್ಮಿ. ಎಲ್ಲ ಇತ್ಯರ್ಥವಾಗಿತ್ತೇ ಎಂದು ಕೇಳಿದ್ದರೆ, ಅದೂ ಇಲ್ಲ.

ಆ ಕಾಯುವ ಕಾಲದಲ್ಲಿ ಪ್ರತಿ ಶನಿವಾರವೂ ರಗಳೆ. 'ಬೆಳಿಗ್ಗೆ ಬರ್ತೀನಿ' ಅನ್ನುವರು ಮಗಳ ಅಪ್ಪ. ಅವರ ಬೆಳಿಗ್ಗೆ ಹನ್ನೊಂದೂವರೆಗೆ. ಮಗಳು ಏಳಕ್ಕೇ ಶೂ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದಳು. ನಾನೇನೂ ಕಮ್ಮಿಯಿಲ್ಲ. ಒಂದು ಸಲ ಬರೀ ಕೆಮ್ಮಿಗೆ ಜ್ವರ ಎಂದು ಹೇಳಿ ಭೇಟಿ ತಪ್ಪಿಸಿದೆ. ಅದು ಸುಳ್ಳೆಂದು ಅವರಿಗೆ ಗೊತ್ತಾದದ್ದು ಮಗಳ ಬಾಯಿಂದಲೇ.

ನಾವೇ ಕೇಳಿಕೊಂಡು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋದೆವು. ಮಧ್ಯಸ್ಥಗಾರರು ಕರಡು ಓದಿ ಕೇಳಿದ್ದು ಒಂದೇ: 'ಮುಂದಿನ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಮೂರಕ್ಕೆ ಮಗು ಎಲ್ಲಿರುತ್ತೆ?' ನಾನು 'ನನ್ನ ಹತ್ರ' ಅಂದೆ, ಮಗಳ ಅಪ್ಪ 'ನನ್ನ ಹತ್ರ' ಅಂದರು.

ಅಂದು ರಾತ್ರಿ ಶಾಲೆಯ ಕ್ಯಾಲೆಂಡರ್ ತೆಗೆದು, ಫೋನಿನಲ್ಲಿ ನಮ್ಮ ನಾಲ್ಕು ತಿಂಗಳ ಮೆಸೇಜುಗಳನ್ನು ಮೊದಲಿನಿಂದ ಓದಿದೆ. ಓದುವುದು ಹಿತವಾಗಿರಲಿಲ್ಲ. ಆದರೆ ಷರತ್ತುಗಳೆಲ್ಲ ಅಲ್ಲೇ ಸಿಕ್ಕವು, ಪ್ರತಿ ಜಗಳಕ್ಕೂ ಒಂದು ಸಾಲು. ತಡವಾಗಿ ಬಂದ ಜಗಳದಿಂದ: ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ ಅಪ್ಪನ ಜೊತೆ, ಅರ್ಧ ಗಂಟೆ ಕಾದೂ ಬರದಿದ್ದರೆ ಆ ಸಲದ್ದು ರದ್ದು. ನನ್ನ ಸುಳ್ಳಿನಿಂದ: ಹುಷಾರಿಲ್ಲವೆಂದರೆ ಡಾಕ್ಟರ ಚೀಟಿ ತೋರಿಸಬೇಕು, ತಪ್ಪಿದ ಭೇಟಿ ಮುಂದಿನ ಶನಿವಾರಕ್ಕೆ. ದೊಡ್ಡ ರಜೆ ಅರ್ಧರ್ಧ, ಮೊದಲರ್ಧ ಯಾರಿಗೆ ಎಂಬುದು ಸಮ ವರ್ಷ, ಬೆಸ ವರ್ಷ ನೋಡಿ. ಊರು ಬದಲಿಸುವುದಾದರೆ 60 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ಶಾಲೆಯ ದಾಖಲೆಯಲ್ಲಿ ಇಬ್ಬರ ಫೋನ್ ನಂಬರೂ ಇರಬೇಕು.

ನಾನು ಹಟ ಹಿಡಿದದ್ದು ದಿನದ ಫೋನಿಗೆ. ಬೇಡವೇ ಬೇಡ ಅಂದೆ. ಮಧ್ಯಸ್ಥಗಾರರು 2020ರ ಯಶಿತಾ ಸಾಹು ತೀರ್ಪನ್ನು ನೆನಪಿಸಿದರು: ಮಗು ಜೊತೆಗಿಲ್ಲದ ತಂದೆಗೋ ತಾಯಿಗೋ ದಿನಾ ಐದು, ಹತ್ತು ನಿಮಿಷವಾದರೂ ಮಾತಾಡಲು ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಕೊನೆಗೆ ಬರೆದೆವು: ರಾತ್ರಿ ಏಳೂವರೆಗೆ ಹತ್ತು ನಿಮಿಷ, ಆ ಹೊತ್ತು ನಾನು ಬೇರೆ ಕೋಣೆಯಲ್ಲಿರಬೇಕು. 'ಬೇರೆ ಕೋಣೆ' ಸೇರಿಸಿದ್ದು ಮಗಳ ಅಪ್ಪ. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿಯಿತ್ತು. ನಾನು ಪಕ್ಕದಲ್ಲಿ ಕೂತರೆ ಅವಳು 'ಹೂಂ' ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ದುಡ್ಡಿನ ವಿಷಯದಲ್ಲಿ ನಾನು ಸ್ವಾಭಿಮಾನ ತೋರಿಸಹೊರಟೆ, 'ನಿಮ್ಮ ಒಂದು ಪೈಸೆಯೂ ಬೇಡ' ಅಂತ. ನನ್ನ ಜೀವನಾಂಶ ಬಿಡುವುದು ನನಗೆ ಬಿಟ್ಟದ್ದು, ಮಗುವಿನದನ್ನು ಬಿಟ್ಟುಕೊಡಲು ತಾಯಿಗೂ ಹಕ್ಕಿಲ್ಲ, ಅದು ಮಗುವಿನದು ಎಂದು ವಕೀಲರು ಗದರಿದರು. ಹಳೇ ಫೈಲಿನಿಂದ ಇಳಿಸಿದ್ದಕ್ಕೆ ಅವರ ಮೇಲೆ ನನಗಿದ್ದ ಕೋಪ ಅವತ್ತು ಇಳಿಯಿತು. ಮಗಳ ಜೀವನಾಂಶ ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಅವಳ ಹೆಸರಿನ ಖಾತೆಗೆ, ವರ್ಷಕ್ಕೆ ಶೇ 10 ಏರಿಕೆ. ಅರ್ಧ ಫೀಸನ್ನು ಅವರು ನೇರ ಶಾಲೆಗೇ ಕಟ್ಟುವುದು, ನನ್ನ ಕೈಗಲ್ಲ. ಈ ಕೊನೆಯದರಿಂದ ಎಷ್ಟು ಮಾತು ಉಳಿಯಿತೆಂದು ಹೇಳತೀರದು.

ಕೋರ್ಟಿನ ಆಪ್ತ ಸಮಾಲೋಚಕಿ ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, 'ಸೈಕಲ್ ಯಾವ ಮನೇಲಿರುತ್ತೆ ಅಂತ ಕೇಳ್ತಿದಾಳೆ' ಅಂದರು. ಎಷ್ಟೋ ಪುಟ ಬರೆದಿದ್ದೆವು, ಸೈಕಲ್ ಎಲ್ಲೂ ಇರಲಿಲ್ಲ. ಅಪ್ಪನ ಮನೆಯಲ್ಲಿ ಎಂದು ಪೆನ್ನಿನಲ್ಲಿ ಸೇರಿಸಿ ಇಬ್ಬರೂ ಸಹಿ ಹಾಕಿದೆವು.

ಎರಡನೇ ಸಲ ಹಾಜರಾದ ದಿನ ಹೆಚ್ಚು ಹೊತ್ತು ಹಿಡಿಯಲಿಲ್ಲ. ನ್ಯಾಯಾಧೀಶರು ಇಬ್ಬರನ್ನೂ ಯಾರದಾದರೂ ಒತ್ತಾಯವಿದೆಯೇ ಎಂದು ಕೇಳಿದರು, ಅಷ್ಟೇ. ನಾವು ಒತ್ತಿ ಕೇಳಿಕೊಂಡದ್ದು ಒಂದು: ರಾಜಿಯ ಷರತ್ತುಗಳು ಡಿಕ್ರಿಯ, ಅಂದರೆ ಕೋರ್ಟಿನ ಅಂತಿಮ ಆದೇಶದ, ಭಾಗವಾಗಬೇಕು. ಬರೀ ನಮ್ಮಿಬ್ಬರ ನಡುವಿನ ಕಾಗದವಾಗಿದ್ದರೆ, ನಾಳೆ ಒಬ್ಬರು ತಪ್ಪಿದಾಗ ಜಾರಿ ಮಾಡಿಸಲು ಮೊದಲಿನಿಂದ ಒದ್ದಾಡಬೇಕು.

ಈಗ ಮಗಳಿಗೆ ನಾಲ್ಕನೇ ಶನಿವಾರ ಡ್ಯಾನ್ಸ್ ಕ್ಲಾಸ್ ಶುರುವಾಗಿದೆ. ಪತ್ರದಲ್ಲಿ ಅದಕ್ಕೆ ಸಾಲಿಲ್ಲ. ಡಿಕ್ರಿಯ ನಂತರವೂ ಮಕ್ಕಳ ವಿಷಯದ ಆದೇಶ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅವಕಾಶವಿದೆ. ಆ ಶನಿವಾರ 10ರ ಬದಲು 11ಕ್ಕೆ ಎಂದು ಹೊಸ ಸಾಲಿನ ಕರಡು ಬರೆದು ಮೊನ್ನೆ ಅವಳ ಅಪ್ಪನಿಗೆ ಕಳಿಸಿದೆ. '11ಕ್ಕಲ್ಲ, ಕ್ಲಾಸಿಂದಲೇ ಕರ್ಕೊಂಡು ಹೋಗ್ತೀನಿ, 12.15' ಎಂದು ತಿದ್ದಿ ಕಳಿಸಿದ್ದಾರೆ.